ಪಟ್ಟ ಬೇಡ, ಪಟ್ಟಾ ಕೊಡಿ

ನಮ್ಮ ಮನೆಗಳಲ್ಲಿ ನಿಘಂಟನ್ನು ಮೊದಲು ಬಿಚ್ಚಿದವರು ನಾವು. ಆದ್ದರಿಂದ ಒಂದು ಪದ ಎದುರಾದರೆ ಅದು ಎಲ್ಲಿಂದ ಬಂತು, ಯಾರ ತಲೆ ಮೇಲೆ ಕೂತು ಬಂತು ಅಂತ ಕೇಳದೆ ಬಿಡುವವರಲ್ಲ. ಇವತ್ತು ಕಿರೀಟವನ್ನು ಕೇಳೋಣ.

ರಾಜರ ಮಾನ್ಯತೆಯನ್ನೂ ರಾಜಧನವನ್ನೂ ಸಂವಿಧಾನದ 26ನೇ ತಿದ್ದುಪಡಿ 1971ರಲ್ಲೇ ತೆಗೆದುಹಾಕಿತು. ರಾಜರು ಹೋದರು, ಕಿರೀಟ ಹೋಗಲಿಲ್ಲ. ಮಂತ್ರಿಗೆ ಬೆಳ್ಳಿ ಕಿರೀಟ, ಶಾಸಕನಿಗೆ ಮೈಸೂರು ಪೇಟ, ಕೈಗೊಂದು ಕತ್ತಿ. ಅದನ್ನು ಇಟ್ಟುಕೊಂಡೇ ಮೈಕು ಹಿಡಿದು 'ಅಧಿಕಾರ ಅನ್ನೋದು ಮುಳ್ಳಿನ ಕಿರೀಟ' ಅಂತಾರೆ. ಸ್ವಾಮಿ, ಮುಳ್ಳಿನ ಕಿರೀಟ ಇಟ್ಟಿದ್ದು ಯೇಸುವಿನ ತಲೆಗೆ. ಶಿಲುಬೆಗೇರಿಸುವ ಮುಂಚೆ ಗೇಲಿ ಮಾಡಲಿಕ್ಕೆ ರೋಮಿನ ಸೈನಿಕರು ಇಟ್ಟದ್ದು ಅದು. ನಿಮಗೆ ಅಷ್ಟು ಚುಚ್ಚುತ್ತಿದ್ದರೆ ಕೆಳಗಿಡಿ. ಇಡ್ತೀರಾ?

ಇಂಗ್ಲಿಷಿನ ಕ್ರೌನ್ ಬಂದದ್ದು ಲ್ಯಾಟಿನ್ನಿನ ಕೊರೋನಾದಿಂದ. ಹಾಗಂದರೆ ತಲೆಗೆ ಸುತ್ತುವ ಹಾರ. ಅದರ ಗ್ರೀಕ್ ಬೇರಿಗೆ ಬಾಗಿದ್ದು, ಬಳುಕಿದ್ದು ಅಂತ ಅರ್ಥ. ಚಿನ್ನದ ಸುಳಿವೇ ಇಲ್ಲ. ಸಹನಾಗರಿಕನ ಜೀವ ಉಳಿಸಿದವನಿಗೆ ರೋಮನ್ನರು ಓಕ್ ಮರದ ಎಲೆಯ ಕಿರೀಟ ಕೊಡುತ್ತಿದ್ದರು. ಮುತ್ತಿಗೆಗೆ ಸಿಕ್ಕ ಸೈನ್ಯವನ್ನು ಬಿಡಿಸಿದ ದಳಪತಿಗೆ ಸೈನಿಕರೇ ಆ ನೆಲದ ಹುಲ್ಲು ಕಿತ್ತು ಹೆಣೆದು ಇಡುತ್ತಿದ್ದರು. ಅದಕ್ಕಿಂತ ದೊಡ್ಡ ಗೌರವ ಅವರ ಸೈನ್ಯದಲ್ಲಿ ಇರಲಿಲ್ಲ. ಹುಲ್ಲಿಂದ ಹುಟ್ಟಿದ ಈ ಪದ ಆಮೇಲೆ ಎಲ್ಲೆಲ್ಲಿ ಹತ್ತಿ ಕೂತಿತು ನೋಡಿ. ನೆತ್ತಿಗೆ ಕ್ರೌನ್. ಐದು ಶಿಲ್ಲಿಂಗಿನ ನಾಣ್ಯಕ್ಕೆ ಕ್ರೌನ್. ನಮ್ಮ ಅಚ್ಚುಮನೆಗಳಲ್ಲಿ ಕಾಗದದ ಅಳತೆಗೂ ಕ್ರೌನ್. ಯಾವ ಕಾಲದ್ದೋ ಹಾಳೆಯ ನೀರುಗುರುತಿನಲ್ಲಿದ್ದ ಕಿರೀಟದ ಹೆಸರು ಅದು. ಕೊನೆಗೆ ರಾಜ್ಯಕ್ಕೇ ಕ್ರೌನ್. 1858ರಲ್ಲಿ ಕಂಪನಿಯ ಕೈಯಿಂದ ಈ ದೇಶವನ್ನು ಕಿತ್ತುಕೊಂಡದ್ದು ಇದೇ ಕ್ರೌನು. ಇಷ್ಟು ಜನ, ಇಷ್ಟು ನೆಲ, ಕಡಲಾಚೆಯ ಒಂದು ತಲೆಯುಡುಗೆಯ ಹೆಸರಿಗೆ ಬರೆದುಹೋಯಿತು.

ಕನ್ನಡಕ್ಕೆ ಬನ್ನಿ. ಕಿರೀಟ, ಮಕುಟ ಸಂಸ್ಕೃತದವು. ಮುಡಿ ನಮ್ಮದು. ಮುಡಿ ಅಂದರೆ ಕೂದಲ ಗಂಟು. ತಮಿಳರಿಗೆ ಮುಡಿ ಇವತ್ತಿಗೂ ಕೂದಲೂ ಹೌದು, ಕಿರೀಟವೂ ಹೌದು. ಗಂಟು ಹಾಕುವಷ್ಟು ಕೂದಲಿದ್ದವರಿಗೆಲ್ಲ ಇದ್ದದ್ದು ಮುಡಿ. ಅದು ಹೇಗೆ ವಜ್ರದ್ದಾಯಿತು? ಮೇಲುಕೋಟೆಯ ವೈರಮುಡಿ ವರ್ಷವಿಡೀ ಸರ್ಕಾರಿ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಮಂಡ್ಯದಿಂದ ಹೊರಟು ರಾತ್ರಿ ದೇವರ ತಲೆಗೇರುತ್ತದೆ. ಆ ದೇವರನ್ನು ದೆಹಲಿಯಿಂದ ತರಲು ಹೆಗಲು ಕೊಟ್ಟವರು ನಮ್ಮವರು ಅಂತ ಸ್ಥಳಪುರಾಣವೇ ಹೇಳುತ್ತದೆ. ರಾಮಾನುಜರು ಅವರನ್ನು ತಿರುಕುಲದವರು ಅಂತ ಕರೆದರಂತೆ. ಸಂತೋಷ. ಸಿಕ್ಕಿದ್ದೇನು? ವರ್ಷಕ್ಕೆ ಮೂರು ದಿನ ಗುಡಿಯ ಬಾಗಿಲು. ಮಿಕ್ಕ ದಿನದ ಬಾಗಿಲಿಗೆ ಕಾನೂನೇ ಬರಬೇಕಾಯಿತು.

ಇನ್ನು ಪಟ್ಟ. ಕನ್ನಡದ ರಾಜನಿಗೆ ಪಟ್ಟ ಕಟ್ಟುತ್ತಾರೆ. ಪಟ್ಟ ಅಂದರೆ ಮೊದಲಿಗೆ ಬಟ್ಟೆಯ ಪಟ್ಟಿ. ಅದೇ ಹಣೆಗೆ ಬಿಗಿಯುವ ಚಿನ್ನದ ಪಟ್ಟಿಯಾಯಿತು. ಬಿಸಿಲಿಗೆ ನಮ್ಮ ಅಪ್ಪಂದಿರೂ ತಲೆಗೆ ಬಟ್ಟೆ ಕಟ್ಟಿದರು. ಅವರ ಬಟ್ಟೆ ಗೌಡರ ಹಟ್ಟಿ ಮುಂದೆ ಬಿಚ್ಚಿ ಕಂಕುಳಿಗೆ ಹೋಗಬೇಕಿತ್ತು. ಒಬ್ಬನಿಗೆ ಕಟ್ಟಿದರೆ ರಾಜ್ಯ, ಇನ್ನೊಬ್ಬ ಕಟ್ಟಿದರೆ ಸೊಕ್ಕು!

ಇಲ್ಲಿ ಕೆಲವು ಕವಿಗಳು ಎದ್ದು ನಿಲ್ತಾರೆ. 'ತಾಯೀ, ನಿನ್ನ ತಲೆಯ ಸಿಂಬೆಯೇ ಕಿರೀಟ' ಅಂತ ಹಾಡ್ತಾರೆ. ಸಿಂಬೆಯೂ ದುಂಡಗೆ ಸುತ್ತಿದ್ದೇ, ಕೊರೋನಾದ ಅರ್ಥಕ್ಕೆ ಸರಿಯಾಗಿಯೇ ಹೊಂದುತ್ತದೆ. ಆದರೆ ಕವಿಗಳೇ, ಸಿಂಬೆಯ ಮೇಲೆ ಏನಿತ್ತು ಅಂತ ಒಮ್ಮೆ ಕತ್ತೆತ್ತಿ ನೋಡಿದಿರಾ? ನೀರಿತ್ತು, ಸೌದೆಯಿತ್ತು, ಗೊಬ್ಬರವಿತ್ತು. ಪಟ್ಟಣಗಳಲ್ಲಿ ನಿಮ್ಮ ಮನೆಗಳ ಮಲವಿತ್ತು. ತಲೆ ಮೇಲಿನ ಮಲದ ಬುಟ್ಟಿಯನ್ನು ಇಳಿಸಲು 1970ರ ದಶಕದ ಮೊದಲಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯಿತು. ದೇಶಕ್ಕೆ 1993ರಲ್ಲಿ ಒಂದು ಕಾಯಿದೆ, ಅದು ಸಾಲದೆ 2013ರಲ್ಲಿ ಇನ್ನೊಂದು. ನಡುವೆ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡರು. ಕೇಳಿದ್ದು ಕಿರೀಟವನ್ನಲ್ಲ. ಇದ್ದ ಜಾಗದಿಂದ ನಮ್ಮನ್ನು ಒಕ್ಕಲೆಬ್ಬಿಸಬೇಡಿ ಅಂತ. ಹೊರೆಯನ್ನು ಕಿರೀಟ ಅಂತ ಹೊಗಳುವ ಕಾವ್ಯ, ಹೊರೆ ಇಳಿಯದಂತೆ ನೋಡಿಕೊಳ್ಳುವ ಕಾವ್ಯ.

ಅದಕ್ಕೇ ನಾವು ಪಟ್ಟದ ಇನ್ನೊಂದು ಅರ್ಥ ಹಿಡಿದು ಕೂತಿದ್ದೇವೆ. ರಾಜ ದಾನ ಬರೆಸುವ ತಾಮ್ರದ ಹಲಗೆಯೂ ಪಟ್ಟವೇ. ನೆಲದ ಹಕ್ಕಿನ ಕಾಗದವಾದ ಪಟ್ಟಾ ಬಂದದ್ದು ಅದೇ ಬೇರಿನಿಂದ. ಒಂದೇ ಪದದ ಚಿನ್ನ ಅವರ ಹಣೆಗೆ ಹೋಯಿತು. ಕಾಗದವಾದರೂ ನಮ್ಮ ಕೈಗೆ ಬಂತೆ?

ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನು ಸಾಲಕ್ಕೆ, ಮದುವೆಗೆ, ಕಾಯಿಲೆಗೆ ಕೈಬಿಟ್ಟು ಹೋಯಿತು. ಅದನ್ನು ಮರಳಿ ಕೊಡಿಸಲೆಂದೇ 1978ರಲ್ಲಿ ಪರಭಾರೆ ನಿಷೇಧ ಕಾಯಿದೆ ಬಂತು. 2017ರಲ್ಲಿ, ಸುಮಾರು 25 ವರ್ಷ ತಡವಾಗಿ ಅರ್ಜಿ ಹಾಕಿದ ಒಂದು ಪ್ರಕರಣದಲ್ಲಿ, ಸಕಾಲದಲ್ಲಿ ಬರಬೇಕಿತ್ತು ಎಂದಿತು ಸುಪ್ರೀಂ ಕೋರ್ಟು. ಆಮೇಲೆ 'ತಡವಾಯ್ತು' ಅನ್ನೋದೇ ಅರ್ಜಿಗಳಿಗೆ ಉತ್ತರವಾಯಿತು. ಹೋರಾಟ ಮಾಡಿದ ಮೇಲೆ 2023ರಲ್ಲಿ ಅರ್ಜಿಗೆ ಕಾಲಮಿತಿ ಇಲ್ಲ ಅಂತ ರಾಜ್ಯ ತಿದ್ದುಪಡಿ ತಂದಿತು. ತಡದ ವಾದ ಕೋರ್ಟುಗಳಲ್ಲಿ ಅಷ್ಟಕ್ಕೇ ಸಾಯಲಿಲ್ಲ. ನೂರಾರು ವರ್ಷದ ಕಿರೀಟಕ್ಕೆ ಇವತ್ತಿಗೂ ಖಜಾನೆ ಇದೆ, ಬಂದೂಕಿನ ಕಾವಲಿದೆ. 25 ವರ್ಷದ ಹಿಂದೆ ಕಳಕೊಂಡ ಎರಡೆಕರೆಗೆ ಮಾತ್ರ ತಡವಾಯಿತೇ? ಓದು ಬಾರದ ಮನುಷ್ಯನಿಗೆ ಕಾನೂನು ತಿಳಿಯಲು ಮಗ ಪದವಿ ಮುಗಿಸುವವರೆಗೂ ಕಾಯಬೇಕಾಗುತ್ತದೆ. ಈ ತಡ ಯಾರು ಮಾಡಿದ್ದು?

ಗೆಳೆಯರೇ, ಸನ್ಮಾನಕ್ಕೆ ಕರೆದು ಪೇಟ ಸುತ್ತಲು ಬಂದರೆ ತಲೆ ಬಗ್ಗಿಸಬೇಡಿ. ಊರೂರಿನ ಬಾಬಾಸಾಹೇಬರ ಪ್ರತಿಮೆ ನೋಡಿ: ತಲೆ ಬರಿದು, ಕೈಯಲ್ಲಿ ಪುಸ್ತಕ. ನಮಗೆ ಬೇಕಾದ್ದು ಸರ್ವೆ ನಂಬರು, ಚಕ್ಕುಬಂದಿ, ಪಹಣಿಯಲ್ಲಿ ಅವ್ವನ ಹೆಸರು. ಪೇಟ ತಂದವರನ್ನು ಅದನ್ನೇ ಕೇಳಿ. ಕೊಡುವ ತನಕ ತಾಲ್ಲೂಕು ಕಚೇರಿಯ ಬಾಗಿಲು ಬಿಟ್ಟು ಏಳಬೇಡಿ.