ಏಸಿಗೆ ಮುನ್ನ ತಾರಸಿಗೊಂದು ಕೊಡೆ

ಮಾರ್ಚ್ ಬಂತು ಅಂದ್ರೆ ಮನೆಮನೆಯಲ್ಲೂ ಒಂದೇ ಮಾತು. 'ಈ ವರ್ಷ ಏಸಿ ಹಾಕಿಸಲೇಬೇಕು ಕಣ್ರೀ, ಮೇಲಿನ ಮನೆಯಲ್ಲಿ ಇರೋಕಾಗ್ತಿಲ್ಲ!' ಅದರಲ್ಲೂ ನಮ್ಮ ತಿಲಕ್ ನಗರದಂಥ ಕಡೆ, 20x30 ಸೈಟಿನ ಮೇಲೆ ಮೂರು-ನಾಲ್ಕು ಅಂತಸ್ತು ಏರಿಸಿದ ಮನೆಗಳಲ್ಲಿ, ಕಟ್ಟಕಡೆಯ ಮಹಡಿಯವರ ಪಾಡು ಕೇಳುವುದೇ ಬೇಡ. ಮಧ್ಯಾಹ್ನ ಒಲೆ ಮುಂದೆ ನಿಂತರೆ ಕೆಳಗೂ ಬೆಂಕಿ, ಮೇಲೂ ಬೆಂಕಿ. ರಾತ್ರಿ ಹತ್ತು ಗಂಟೆಯಾದರೂ ಫ್ಯಾನು ಬೀಸುವುದು ಬಿಸಿಗಾಳಿಯನ್ನೇ. ಮಕ್ಕಳು ನೆಲಕ್ಕೆ ನೀರು ಚಿಮುಕಿಸಿಕೊಂಡು ಬರಿ ನೆಲದಲ್ಲೇ ಮಲಗುತ್ತವೆ.

ಬೆಂಗಳೂರು ಮೊದಲಿನಂತಿಲ್ಲ, ನಿಜ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. 2024ರ ಏಪ್ರಿಲ್ ಕೊನೆಯಲ್ಲಿ 38.5 ಡಿಗ್ರಿ ಮುಟ್ಟಿತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿಗೆ ಇದು ಸಣ್ಣ ಸೆಕೆಯಲ್ಲ. ಆದರೆ ಒಂದು ವಿಷಯ ಗಮನಿಸಿದ್ದೀರಾ? ಅದೇ ಕಟ್ಟಡದಲ್ಲಿ ಒಂದು ಮಹಡಿ ಕೆಳಗಿಳಿದು ನೋಡಿ. ಅದೇ ಬೀದಿ, ಅದೇ ಗಾಳಿ, ಅದೇ ಬೇಸಿಗೆ. ಆದರೂ ಅಲ್ಲಿ ಎಷ್ಟೋ ತಂಪು! ಹಾಗಾದರೆ ಮೇಲಿನ ಮನೆಯನ್ನು ಕಾಯಿಸುತ್ತಿರುವುದು ಊರಿನ ಬಿಸಿಲು ಮಾತ್ರವಲ್ಲ, ನಮ್ಮದೇ ತಲೆಯ ಮೇಲಿನ ಮೋಲ್ಡು. ಅದಕ್ಕೊಂದು ಕೊಡೆ ಹಿಡಿಯದೆ ಕೆಳಗೆ ಏಸಿ ಹಾಕಿಸುವುದು ಎಂದರೆ ತೂತಿನ ಬಿಂದಿಗೆಗೆ ನೀರು ತುಂಬಿದ ಹಾಗೆ.

<b>ಬಿಸಿಲು ಬೀಳುವುದು ನೆತ್ತಿಗೆ</b>

ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ವರ್ಷಕ್ಕೆ ಎರಡು ಸಲ, 'ಶೂನ್ಯ ನೆರಳಿನ ದಿನ' ಬರುತ್ತದೆ. ಅಂದು ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆಟ್ಟ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಮಕ್ಕಳಿಗೆ ಇದು ವಿಜ್ಞಾನದ ಆಟ. ನಮಗೆ ಮಾತ್ರ ಪಾಠ. ಬೇಸಿಗೆ ಜೋರಾಗಿರುವ ಹೊತ್ತಿನಲ್ಲೇ ಬಿಸಿಲು ನೇರವಾಗಿ ಬೀಳುವುದು ಗೋಡೆಗಲ್ಲ, ತಾರಸಿಗೆ. ನಮ್ಮ ಬೀದಿಗಳಲ್ಲಂತೂ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಒಂದರ ಗೋಡೆಗೆ ಇನ್ನೊಂದರ ನೆರಳು. ಬಯಲಿಗೆ ಬಿದ್ದಿರುವುದು ತಾರಸಿ ಒಂದೇ.

ಹಳೆಯ ಬೂದು ಸಿಮೆಂಟಿನ ತಾರಸಿ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಹೀರಿಕೊಳ್ಳುತ್ತದೆ. ಹೀರಿದ್ದನ್ನು ತಕ್ಷಣ ಬಿಟ್ಟುಕೊಡುವುದೂ ಇಲ್ಲ. ನಾಲ್ಕೈದು ಗಂಟೆ ಹಿಡಿದಿಟ್ಟುಕೊಂಡು, ಹೊರಗೆ ತಂಗಾಳಿ ಶುರುವಾಗುವ ಹೊತ್ತಿಗೆ ಒಳಗೆ ಇಳಿಸುತ್ತದೆ. ಸಂಜೆ ಏಳಕ್ಕೆ ಗಟ್ಟಿ ಸ್ಟೂಲು ಹತ್ತಿ, ಫ್ಯಾನು ಆರಿಸಿ, ಸೀಲಿಂಗಿಗೆ ಅಂಗೈ ಇಟ್ಟು ನೋಡಿ. ಬಿಸಿ ತವೆಯ ಅಡಿ ಕೂತಿದ್ದೇವೆ ಅನ್ನುವುದು ಆಗ ಗೊತ್ತಾಗುತ್ತದೆ.

<b>ಅಜ್ಜಿಯ ಮನೆ ತಂಪಾಗಿದ್ದದ್ದು ಯಾಕೆ?</b>

'ನಮ್ಮ ಅಜ್ಜಿ ಮನೆಯಲ್ಲಿ ಫ್ಯಾನೇ ಇರಲಿಲ್ಲ, ಆದ್ರೂ ತಂಪಗಿತ್ತು' ಅನ್ನುತ್ತೇವೆ. ಅದೇನು ಬರೀ ನೆನಪಿನ ಸಿಹಿಯಲ್ಲ. ಮಲೆನಾಡಿನ ಹೆಂಚಿನ ಮನೆಗಳಲ್ಲಿ ಹೆಂಚಿಗೂ ಕೋಣೆಗೂ ನಡುವೆ ಮರದ ಹಲಗೆಯ ಮುಚ್ಚಿಗೆ ಇರುತ್ತಿತ್ತು, ಅದರ ಮೇಲೆ ಅಟ್ಟ. ಅಡಿಕೆ, ತೆಂಗಿನಕಾಯಿ, ಹಳೆ ಪಾತ್ರೆ ಎಲ್ಲಾ ಅಲ್ಲೇ. ಸಾಮಾನು ಇಡಲಿಕ್ಕೆ ಅಂತ ನಾವು ಅಂದುಕೊಂಡಿದ್ದ ಆ ಅಟ್ಟ, ಬಿಸಿಲನ್ನು ತಡೆಯುವ ಗಾಳಿಯ ಕೊಡೆಯೂ ಆಗಿತ್ತು. ಬಳ್ಳಾರಿ, ಚಿತ್ರದುರ್ಗ, ವಿಜಯಪುರದ ಕಡೆ ಮಣ್ಣಿನ ಮಾಳಿಗೆ. ದಪ್ಪ ಮಣ್ಣು ದಾಟಿ ಶಾಖ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿಬಿಡುತ್ತಿತ್ತು. ನಮ್ಮ ಬೆಂಗಳೂರಿನ ಹಳೆ ಮನೆಗಳಲ್ಲಿ ಮದ್ರಾಸ್ ತಾರಸಿ: ಮರದ ತೊಲೆ, ಅದರ ಮೇಲೆ ಇಟ್ಟಿಗೆ, ಇಟ್ಟಿಗೆ ಜಲ್ಲಿ ಬೆರೆಸಿದ ಸುಣ್ಣದ ಗಾರೆ. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸಿ ಬಡಿಯುತ್ತಿದ್ದರು.

ಆಮೇಲೆ ಆರ್‌ಸಿಸಿ ಬಂತು. ಗಟ್ಟಿ, ಬೇಗ ಆಗುತ್ತೆ, ಮೇಲೆ ಇನ್ನೊಂದು ಮನೆ ಏರಿಸಬಹುದು. 'ನಾಳೆ ಹೇಗೂ ಮೇಲೆ ಕಟ್ಟುತ್ತೀವಲ್ಲ' ಅಂತ ತಾರಸಿಯನ್ನು ಬೋಳಾಗಿ ಬಿಟ್ಟೆವು. ಆ ನಾಳೆ ಹತ್ತು ವರ್ಷವಾದರೂ ಬರಲಿಲ್ಲ. ಈಗ ನಮಗೆ ಬೇಕಿರುವುದು ಅಜ್ಜಿಯ ಆ ಅಟ್ಟವೇ, ಬೇರೆ ರೂಪದಲ್ಲಿ.

<b>ಕಿಸೆಗೆ ತಕ್ಕ ಮೂರು ದಾರಿ</b>

<b>ಬಿಳಿ ಬಳಿಯುವುದು:</b> ಎಲ್ಲಕ್ಕಿಂತ ಅಗ್ಗದ ದಾರಿ ಇದು. ಹೊಸದಾಗಿ ಬಳಿದ ಅಚ್ಚ ಬಿಳಿ ಬಣ್ಣ ಬಿಸಿಲಿನ ಶೇಕಡಾ 70ರಿಂದ 80ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಸುಣ್ಣಕ್ಕೆ ಬಿಳಿ ಸಿಮೆಂಟು, ಮೇಲೆ ಸ್ವಲ್ಪ ಅಂಟು ಬೆರೆಸಿ ಎರಡು ಕೋಟು ಹೊಡೆಸಬಹುದು. ತಾಳಿಕೆ ಬೇಕೆಂದರೆ 'ಕೂಲ್ ರೂಫ್' ಅಂತಲೇ ಪೇಂಟು ಸಿಗುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ 'ಎಸ್‌ಆರ್‌ಐ' ಅನ್ನುವ ಸಂಖ್ಯೆ ನೋಡಿ. ಕಪ್ಪಿಗೆ ಸೊನ್ನೆ, ಬಿಳಿಗೆ ನೂರು ಎಂದು ಇಟ್ಟುಕೊಂಡ ಅಳತೆ ಅದು. ನೂರರ ಆಸುಪಾಸು ಇದ್ದರೆ ಒಳ್ಳೆಯದು. ಇದರಿಂದ ಕೋಣೆಯ ಬಿಸಿ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳಿಯುತ್ತದೆ ಎನ್ನುತ್ತಾರೆ. ಅಹಮದಾಬಾದಿನಲ್ಲಿ 2017ರಿಂದ ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಯುವ ಕೆಲಸ ನಡೆದಿದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗಾಗಿಯೇ ಒಂದು ನೀತಿ ತಂದಿತು. ಆದರೆ ಬಿಳಿಗೆ ಒಂದು ಶರತ್ತಿದೆ. ಧೂಳು ಕೂತರೆ ಅದರ ಗುಣ ಹೋಯಿತು. ಹಬ್ಬಕ್ಕೆ ಮನೆ ತೊಳೆದ ಹಾಗೆ ಪ್ರತಿವರ್ಷ ಯುಗಾದಿಗೆ ಮುನ್ನ ತಾರಸಿಯನ್ನೂ ತೊಳೆಯಬೇಕು.

<b>ಪದರ ಹಾಕಿಸುವುದು:</b> ಸ್ವಂತ ಮನೆಯವರಿಗೆ ಇದು ಶಾಶ್ವತ ದಾರಿ. ಗಟ್ಟಿ ಥರ್ಮೋಕೋಲಿನಂಥ ಇನ್ಸುಲೇಶನ್ ಹಲಗೆಯನ್ನು ಮೋಲ್ಡಿನ ಮೇಲೆ ಹಾಸಿ, ಅದರ ಮೇಲೆ ಕಾಂಕ್ರೀಟಿನ ತೆಳು ಪದರ, ಕೊನೆಗೆ ಬಿಳಿ ಟೈಲ್ಸು ಅಥವಾ ಒಡೆದ ಟೈಲ್ಸಿನ ಚೂರು ಕೂರಿಸುತ್ತಾರೆ. ಒಂದೇ ದಪ್ಪದ ಕಾಂಕ್ರೀಟಿಗಿಂತ ಇಂಥ ಹಲಗೆ ಹತ್ತಾರು ಪಟ್ಟು ಹೆಚ್ಚು ಶಾಖ ತಡೆಯುತ್ತದೆ. ಎರಡು ಅಂಗುಲದ ಹಲಗೆ ಹಾಕಿದರೆ ಮೋಲ್ಡಿನಿಂದ ಇಳಿಯುವ ಶಾಖ, ಲೆಕ್ಕದ ಪ್ರಕಾರ, ಐದರಲ್ಲಿ ಒಂದು ಪಾಲಿಗೂ ಕಡಿಮೆ. ಹಾಗಂತ ಆರು ಅಂಗುಲ ಹಾಕಿಸಿಬಿಡೋಣ ಅನ್ನಬೇಡಿ. ಮೊದಲ ಅಂಗುಲ ಮಾಡುವಷ್ಟು ಕೆಲಸವನ್ನು ಎರಡನೆಯದು ಮಾಡುವುದಿಲ್ಲ, ಮೂರನೆಯದು ಇನ್ನೂ ಕಡಿಮೆ. ನಮ್ಮ ಊರಿನ ಹವೆಗೆ ಎರಡು ಅಂಗುಲ ಸಾಕಷ್ಟಾಯಿತು. ಕೇಂದ್ರ ಸರ್ಕಾರ 2018ರಲ್ಲಿ ವಸತಿ ಕಟ್ಟಡಗಳಿಗೆಂದು ತಂದ 'ಇಕೋ ನಿವಾಸ್ ಸಂಹಿತೆ' ಚಾವಣಿ ಎಷ್ಟು ಶಾಖ ಬಿಡಬಹುದು ಅನ್ನುವುದಕ್ಕೆ ಒಂದು ಮಿತಿ ಹೇಳುತ್ತದೆ. ಬೋಳು ಮೋಲ್ಡು ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ, ಈ ಪದರ ಹಾಕಿದ್ದು ಸುಲಭವಾಗಿ ಪಾಸಾಗುತ್ತದೆ. ಹೊಸದಾಗಿ ಮನೆ ಕಟ್ಟಿಸುತ್ತಿರುವವರು ಎಂಜಿನಿಯರ್ ಹತ್ತಿರ ಇದನ್ನು ಕೇಳಲೇಬೇಕು.

<b>ನೆರಳು ಕೊಡುವುದು:</b> ತಾರಸಿಯಿಂದ ಆರೇಳು ಅಡಿ ಎತ್ತರಕ್ಕೆ ಶೇಡ್ ನೆಟ್ ಕಟ್ಟಿ ಕೆಳಗೆ ಕುಂಡಗಳನ್ನಿಟ್ಟರೆ ಮೆಂತ್ಯ ಸೊಪ್ಪೂ ಆಯಿತು, ಮನೆಯೂ ತಂಪಾಯಿತು. ಸೋಲಾರ್ ಫಲಕಗಳೂ ತಮ್ಮ ಅಡಿ ನೆರಳು ಕೊಡುತ್ತವೆ. ಆದರೆ ಇಡೀ ತಾರಸಿಗೆ ಮಣ್ಣು ಸುರಿಯಬೇಡಿ. ಒಂದು ಘನ ಅಡಿ ಒದ್ದೆ ಮಣ್ಣು 45-50 ಕೆ.ಜಿ. ತೂಗುತ್ತದೆ. ಹಗುರವಾದ ಚೀಲ, ಕುಂಡಗಳನ್ನು ಪ್ಯಾರಾಪೆಟ್ಟಿನ ಪಕ್ಕ, ತೊಲೆಯಿರುವ ಜಾಗದ ಮೇಲೆ ಇಟ್ಟುಕೊಳ್ಳಿ.

ಬಾಡಿಗೆಯವರು, ತಾರಸಿಯ ಮೇಲೆ ಹಕ್ಕಿಲ್ಲದವರು ಏನು ಮಾಡಬೇಕು? ಒಳಗಡೆ ಫಾಲ್ಸ್ ಸೀಲಿಂಗ್ ಮಾಡಿಸಿ, ಮೋಲ್ಡಿಗೂ ಅದಕ್ಕೂ ನಡುವೆ ಜಾಗ ಬಿಟ್ಟು, ಮೇಲೆ ರಾಕ್‌ವೂಲ್ ಹಾಸಿದರೆ ಅದೂ ಒಂದು ಅಟ್ಟವೇ. ಮೋಲ್ಡು ಬಿಸಿಯಾಗುವುದು ತಪ್ಪುವುದಿಲ್ಲ, ನಿಮ್ಮ ತಲೆಗೆ ಇಳಿಯುವುದು ತಪ್ಪುತ್ತದೆ.

<b>ಮೇಸ್ತ್ರಿಗೆ ದುಡ್ಡು ಕೊಡುವ ಮುನ್ನ</b>

* ಸೋರುವ ತಾರಸಿಯ ಮೇಲೆ ಏನೂ ಹಾಕಿಸಬೇಡಿ. ಮೊದಲು ಬಿರುಕು ಮುಚ್ಚಿಸಿ, ನೀರಿನ ವಾಟ ಸರಿಮಾಡಿಸಿ. ಪದರದ ಅಡಿ ನೀರು ನಿಂತರೆ ಸೆಕೆ ಹೋಗಿ ಪಾಚಿ ಬಂತು ಅನ್ನುವ ಹಾಗಾಗುತ್ತದೆ.
* ಕೆಲಸ ಫೆಬ್ರವರಿಯಲ್ಲೇ ಮುಗಿಸಿ. ಒಣಗಲು ಬಿಸಿಲು ಬೇಕು, ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಹಸಿ ಪೇಂಟು ಸಿಕ್ಕಬಾರದು.
* ಚದರ ಅಡಿಗೆ ಎಷ್ಟು, ಎಷ್ಟು ಕೋಟು, ಎಷ್ಟು ವರ್ಷದ ಗ್ಯಾರಂಟಿ? ಮೂರನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಇಬ್ಬರು-ಮೂವರ ಹತ್ತಿರ ರೇಟು ಕೇಳಿ, ಎಸ್.ಜೆ.ಪಿ. ರಸ್ತೆಯಲ್ಲಿ ಸಾಮಾನಿನ ಬೆಲೆ ವಿಚಾರಿಸಿ.
* ಅಡುಗೆಮನೆ ಸೀಲಿಂಗಿಗೆ ಬರೀ ಥರ್ಮೋಕೋಲ್ ಅಂಟಿಸಬೇಡಿ. ಬೇಗ ಬೆಂಕಿ ಹತ್ತಿಕೊಳ್ಳುತ್ತದೆ.
* ರಾಕ್‌ವೂಲ್, ಗ್ಲಾಸ್‌ವೂಲ್ ಹಾಸುವವರಿಗೆ ಮಾಸ್ಕು, ಕೈಗವಸು ಇರಲಿ. ಆ ಹೊತ್ತು ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ.
* ಇನ್ಸುಲೇಶನ್ ಆಯಿತೆಂದು ಕಿಟಕಿ ಮುಚ್ಚಿಡಬೇಡಿ. ಮಧ್ಯಾಹ್ನ ಪರದೆ ಎಳೆಯಿರಿ, ರಾತ್ರಿ ಸೊಳ್ಳೆ ಪರದೆಯ ಕಿಟಕಿ ತೆರೆದಿಡಿ. ಒಲೆಯ ಶಾಖ ಹೊರಹೋಗಲು ಎಕ್ಸಾಸ್ಟ್ ಫ್ಯಾನು ತಿರುಗಲಿ.

<b>ಬಿಲ್ಲಿನ ಲೆಕ್ಕ</b>

ಏಸಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಬಾಣಂತಿ, ಹಾಸಿಗೆ ಹಿಡಿದ ಹಿರಿಯರು ಇದ್ದರೆ ಬೇಕಾದೀತು. ಆದರೆ ಲೆಕ್ಕ ನೋಡಿ. ಗಂಟೆಗೆ ಒಂದು ಯೂನಿಟ್‌ನಂತೆ ದಿನಕ್ಕೆ ಆರು ಗಂಟೆ ಓಡಿದರೂ ತಿಂಗಳಿಗೆ 180 ಯೂನಿಟ್. 2023ರಲ್ಲಿ ಶುರುವಾದ ಗೃಹಜ್ಯೋತಿಯ ನಿಯಮದಂತೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಫ್ರಿಜ್ಜು, ವಾಷಿಂಗ್ ಮಷಿನ್ನು, ಮಿಕ್ಸಿ ಇರುವ ಮನೆಗೆ ಏಸಿ ಸೇರಿದರೆ ಆ ಗೆರೆ ದಾಟಲು ಎಷ್ಟು ಹೊತ್ತು? ತಾರಸಿಗೆ ಬಳಿದ ಬಿಳಿಗೆ ಮೀಟರ್ ಇಲ್ಲ. ಮೊದಲು ತಾರಸಿ ತಂಪು ಮಾಡಿ. ಆಮೇಲೂ ಏಸಿ ಬೇಕೆನಿಸಿದರೆ ಸಣ್ಣದು ಸಾಕಾಗುತ್ತದೆ, ಕಡಿಮೆ ಹೊತ್ತು ಓಡಿದರೆ ಸಾಕಾಗುತ್ತದೆ.

<b>ಮಧ್ಯಾಹ್ನ ಮನೆಯಲ್ಲಿರುವವರು ಯಾರು?</b>

ಇಷ್ಟೆಲ್ಲಾ ಗೊತ್ತಿದ್ದರೂ ತಾರಸಿಯ ಕೆಲಸ ಯಾಕೆ ಮುಂದಕ್ಕೆ ಹೋಗುತ್ತದೆ? ನನಗನಿಸುವ ಕಾರಣ ಒಂದೇ. ಬೀದಿಗೆ ಕಾಣುವ ಗೋಡೆಗೆ ಹೊಸ ಬಣ್ಣ ಹೊಡೆಸುತ್ತೇವೆ, ನೆಂಟರಿಗೆ ಕಾಣುವ ಸೋಫಾ ಬದಲಿಸುತ್ತೇವೆ. ತಾರಸಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಅಡಿ ಹನ್ನೊಂದರಿಂದ ಐದರವರೆಗೆ ಬೇಯುವ ಹೆಂಗಸೂ ಕಣ್ಣಿಗೆ ಬೀಳುವುದಿಲ್ಲ! ಯಜಮಾನರು ಆಫೀಸಿನ ತಂಪಿನಲ್ಲಿರುತ್ತಾರೆ, ಮಕ್ಕಳು ಶಾಲೆಯಲ್ಲಿ. ಮನೆಯಲ್ಲಿ ಉಳಿಯುವುದು ನೀವು, ಅತ್ತೆ-ಮಾವ, ತೊಟ್ಟಿಲ ಕೂಸು. ಸೆಕೆಗೆ ಮೊದಲು ಸೋಲುವವರೂ ಇವರೇ: ವಯಸ್ಸಾದವರು, ಎಳೆಮಕ್ಕಳು, ಗರ್ಭಿಣಿಯರು. 'ಸ್ವಲ್ಪ ಸೆಕೆ ತಾನೇ, ತಡ್ಕೋ' ಅನ್ನುವ ಮಾತಿಗೆ ನಾವು ತಲೆಯಾಡಿಸುವುದು ಸಾಕು. ಮನೆಗೆ ಏನು ಖರ್ಚಾಗಬೇಕು ಎನ್ನುವ ಮಾತು ಬಂದಾಗ, ಆ ಮನೆಯಲ್ಲಿ ಅತಿ ಹೆಚ್ಚು ಹೊತ್ತು ಇರುವವಳ ಮಾತಿಗೆ ಬೆಲೆ ಇರಬೇಕು. ಸಂಜೆ ಸೀಲಿಂಗಿಗೆ ಅವರ ಅಂಗೈಯನ್ನೂ ಇಡಿಸಿ ನೋಡಿ. ವಾದವೇ ಬೇಕಾಗುವುದಿಲ್ಲ.

ನೀವೇ ಮನೆ ಯಜಮಾನಿಯಾಗಿದ್ದು, ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದರೆ ಈ ಮಾತು ನಿಮಗೂ ಸಲ್ಲುತ್ತದೆ. ಕೆಳಗಿನ ತಂಪಿನಲ್ಲಿ ನಾವು, ಮೇಲಿನ ಕಾವಿನಲ್ಲಿ ಬಾಡಿಗೆಯವರು. ತಾರಸಿ ನಮ್ಮ ಆಸ್ತಿ ಎಂದ ಮೇಲೆ ಅದರ ಬಿಸಿಯೂ ನಮ್ಮ ಹೊಣೆಯೇ ಅಲ್ಲವೇ? ಅಡ್ವಾನ್ಸ್ ತೆಗೆದುಕೊಳ್ಳುವಾಗ ಬಳಿಸುವ ಒಳಗಿನ ಸುಣ್ಣದ ಜೊತೆ, ಮೇಲಕ್ಕೂ ಎರಡು ಕೋಟು ಬಿಳಿ ಬಳಿಸಿ. ಬಿಸಿ ತಾಳಲಾರದೆ ವರ್ಷಕ್ಕೊಬ್ಬರು ಖಾಲಿ ಮಾಡುವುದೂ ತಪ್ಪುತ್ತದೆ.

ತಾರಸಿಯ ಮೇಲೆ ಕಲ್ನಾರಿನ ಶೀಟು ಹೊದಿಸಿ ಕಟ್ಟಿದ ಒಂಟಿ ರೂಮುಗಳಿವೆಯಲ್ಲ, ಅಲ್ಲಿರುವವರ ಕಷ್ಟ ಇನ್ನೂ ದೊಡ್ಡದು. ಬೇರೆಯವರ ಮನೆಯ ಪಾತ್ರೆ ತೊಳೆದು ದಣಿದು ಬಂದವಳಿಗೆ ಮಧ್ಯಾಹ್ನ ಅರ್ಧ ಗಂಟೆ ಅಡ್ಡಾಗಲೂ ಅಲ್ಲಿ ಸಾಧ್ಯವಿಲ್ಲ. ಇಂಥ ಶೀಟಿಗೆ ತೂತು ಕೊರೆಯುವುದು, ಒಣ ಬ್ರಷ್ಷಿನಲ್ಲಿ ಉಜ್ಜುವುದು ಅಪಾಯ. ಕಲ್ನಾರಿನ ಧೂಳಿನಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಶೀಟಿನ ಮೇಲೆ ಹತ್ತಿ ನಿಲ್ಲಲೂಬಾರದು, ಮುರಿದು ಬೀಳುತ್ತದೆ. ಅದನ್ನು ಮುಟ್ಟದೆ, ಒಂದಡಿ ಮೇಲಕ್ಕೆ ಬೇರೆ ಕಂಬದ ಆಸರೆಯಲ್ಲಿ ಶೇಡ್ ನೆಟ್ ಅಥವಾ ಬಿದಿರಿನ ಚಾಪೆ ಕಟ್ಟಿಸಿ. ಒಳಗೆ ಗೋಡೆಯ ಆಸರೆಯಲ್ಲಿ ತೆಳು ಸೀಲಿಂಗ್ ಹಾಕಿಸಿ. ಖರ್ಚು ದೊಡ್ಡದಲ್ಲ, ಮನಸ್ಸು ಬೇಕು ಅಷ್ಟೇ.

ಈ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಚಪ್ಪಲಿ ಹಾಕಿಕೊಂಡೇ, ಮನೆಯವರನ್ನೆಲ್ಲಾ ತಾರಸಿಗೆ ಕರೆದುಕೊಂಡು ಹೋಗಿ. ಬಿರುಕು ಎಲ್ಲಿದೆ, ನೀರು ಎಲ್ಲಿ ನಿಲ್ಲುತ್ತದೆ, ನೆರಳು ಎಲ್ಲಿ ಬೀಳುತ್ತದೆ ನೋಡಿ. ಉದ್ದ-ಅಗಲ ಅಳೆದು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಏಸಿ ಅಂಗಡಿಗೆ ಹೋಗುವುದು ಆಮೇಲೆ ಇದ್ದೇ ಇದೆ.