‘ದನಾ ಕಾಯಾಕ ಹೋಗು’ ಅನ್ನೋದು ಬೈಗಳೇನು?



ಲೆಕ್ಕ ತಪ್ಪಿದರೆ, ಮಗ್ಗಿ ಮರೆತರೆ ನಮ್ಮ ಕಡೆ ದೊಡ್ಡವರು ಅನ್ನುವ ಮಾತು ಒಂದೇ: “ದನಾ ಕಾಯಾಕ ಹೋಗು!” ಆಗ ವರ್ಗದವರೆಲ್ಲ ನಗುತ್ತಾರೆ. ನಾನೂ ನಕ್ಕಿದ್ದೇನೆ. ಈಗ ಹಾಗೆ ನಗುವುದು ತಪ್ಪು ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೈಸೂರಿನಲ್ಲಿ ಶ್ರೀ ಚಾಮರಾಜೇಂದ್ರ ಮೃಗಾಲಯ ಇದೆ. ಅದು 1892ರಲ್ಲಿ ಆರಂಭವಾಯಿತು. ಅಲ್ಲಿ ಬೇಸಿಗೆ ಸೂಟಿಯಲ್ಲಿ ಮಕ್ಕಳಿಗೆ ಶಿಬಿರ ನಡೆಸುತ್ತಾರೆ. ಮಕ್ಕಳು ಶುಲ್ಕ ತುಂಬಿ ಸೇರುತ್ತಾರೆ. ಯಾವ ಪ್ರಾಣಿಗೆ ಏನು ಆಹಾರ, ಅದನ್ನು ಹೇಗೆ ನೋಡಿಕೊಳ್ಳಬೇಕು ಎಂದು ಕಲಿಯುತ್ತಾರೆ. ಹೊರದೇಶಗಳಲ್ಲಿ ಮತ್ಸ್ಯಾಲಯಗಳಲ್ಲೂ ಇಂಥ ಶಿಬಿರಗಳಿವೆ. ಮತ್ಸ್ಯಾಲಯ ಅಂದರೆ ದೊಡ್ಡ ಗಾಜಿನ ತೊಟ್ಟಿಗಳಲ್ಲಿ ಮೀನು, ಆಮೆ ಸಾಕಿ ಜನರಿಗೆ ತೋರಿಸುವ ಜಾಗ. ಅಲ್ಲಿ ಮಕ್ಕಳು ಮೀನಿನ ಆಹಾರ ತಯಾರಿಸಲು, ತೊಟ್ಟಿ ತೊಳೆಯಲು ಕೈ ಜೋಡಿಸುತ್ತಾರೆ. ಕಲಿತು ಮನೆಗೆ ಬಂದರೆ ಎಲ್ಲರೂ ಶಾಬಾಸ್ ಅನ್ನುತ್ತಾರೆ.

ಹಂಗಾದ್ರ ನನ್ನದೊಂದು ಪ್ರಶ್ನೆ. ಪಟ್ಟಣದ ಹುಡುಗ ರೊಕ್ಕ ಕೊಟ್ಟು ಕಲಿತರೆ ಅದು ವಿದ್ಯೆ. ನಮ್ಮೂರ ಹುಡುಗ ಮನೆಯಲ್ಲೇ ಕಲಿತರೆ ಅದು ಬೈಗಳ ಹೆಂಗ ಆತು?

ದನ ಕಾಯುವವರಿಗೆ ಏನೂ ತಿಳಿಯುವುದಿಲ್ಲ ಅನ್ನಬೇಡಿರಿ. ಎಮ್ಮೆಯ ಮೈ ಬೆವರುವುದು ಕಡಿಮೆ, ಆದ್ದರಿಂದ ಬಿಸಿಲಾಗ ಅದನ್ನು ನೀರಿಗೆ ಇಳಿಸಬೇಕು ಎಂದು ಅವರಿಗೆ ಗೊತ್ತು. ಮಳೆ ಇಲ್ಲದೆ ಬಾಡಿದ ಎಳೆ ಜೋಳಕ್ಕೆ ದನ ಬಾಯಿ ಹಾಕಬಾರದು ಎಂದೂ ಗೊತ್ತು. ಅದರಲ್ಲಿ ಸಯನೈಡ್ ವಿಷ ಇರುತ್ತದೆ, ತಿಂದ ದನ ಸಾಯಬಹುದು. ವಿಷದ ಹೆಸರು ನನಗೆ ಗೊತ್ತು, ದನವನ್ನು ಹೊಲದಿಂದ ಹಿಂದಕ್ಕೆ ಹೊಡೆಯುವವರು ಅವರು!

2022ರಲ್ಲಿ ನಮ್ಮ ರಾಜ್ಯದಲ್ಲಿ ದನಗಳಿಗೆ ಚರ್ಮಗಂಟು ರೋಗ ಹರಡಿತ್ತು. ನಮ್ಮ ಒಂದು ಎತ್ತಿಗೂ ಬಂತು. ಮೈಮೇಲೆ ಗಂಟು ಏಳುವ ಮೊದಲೇ ನನ್ನ ತಮ್ಮ ಓಡಿ ಬಂದು, “ಯವ್ವಾ, ಎತ್ತು ಮೆಲಕ ಹಾಕವಲ್ದು” ಅಂದ. ದನದ ಡಾಕ್ಟರು ಬಂದು ನೋಡಿ, ಬೇರೆ ಕಟ್ಟಲು ಹೇಳಿದರು. ಸೊಳ್ಳೆ, ನೊಣಗಳಿಂದ ಈ ರೋಗ ಹರಡುತ್ತದೆ ಎಂದು ತಮ್ಮ ಅಜ್ಜನ ಜೋಡಿ ದಿನಾ ಸಂಜಿಕೆ ಬೇವಿನ ಸೊಪ್ಪಿನ ಹೊಗೆ ಹಾಕಿದ. ಕೈಯಿಂದ ಗಂಜಿ ಕುಡಿಸಿದ. ಎತ್ತು ಉಳಿಯಿತು. ಆ ದಿನ ನಾನೂ ದನದ ಮನೆಗೆ ಹೋಗಿದ್ದೆ, ನನಗೇನೂ ಕಂಡಿರಲಿಲ್ಲ. ವಿಜ್ಞಾನದಾಗ ಅವನಿಗಿಂತ ಹೆಚ್ಚು ಅಂಕ ನನಗೇ!

ಅದೇ ತಮ್ಮನಿಗೆ ಭಾಗಾಕಾರ ಬರಲಿಲ್ಲ ಅಂತ ಒಬ್ಬರು ಈ ಮಾತು ಅಂದರು. ಅವತ್ತು ಅವನು ಊಟ ಮಾಡಲಿಲ್ಲ.

ಶಾಲೆ ಬಿಟ್ಟು ದನ ಕಾಯಲಿ ಎಂದು ನಾನು ಹೇಳುವುದಿಲ್ಲ. ಎಲ್ಲರೂ ಶಾಲೆಗೆ ಬರಬೇಕು, ಭಾಗಾಕಾರವನ್ನೂ ಕಲಿಯಬೇಕು. ಆದರೆ ಗೊತ್ತಿದ್ದ ವಿದ್ಯೆಗೆ ನಾಚಿಕೊಳ್ಳುವಂತೆ ಆಗಬಾರದು.

ಗುರುಗಳಲ್ಲಿ ನನ್ನ ವಿನಂತಿ: ಈ ಬೇಸಿಗೆ ಸೂಟಿಯಲ್ಲಿ ನಮ್ಮ ಶಾಲೆಯಲ್ಲೂ ಮೂರು ದಿನ ಶಿಬಿರ ಮಾಡೋಣ. ದನದ ಡಾಕ್ಟರನ್ನು ಕರೆಸೋಣ. ಮನೆಯಲ್ಲಿ ದನ, ಕುರಿ, ಆಡು ನೋಡಿಕೊಳ್ಳುವ ಮಕ್ಕಳು ಮುಂದೆ ನಿಂತು ಹೇಳಲಿ, ನಾವು ಕುಳಿತು ಕೇಳೋಣ. ಇದಕ್ಕೆ ಶುಲ್ಕ ಬೇಡ, ಮೈಸೂರಿಗೆ ಹೋಗುವುದೂ ಬೇಡ.

ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿ ಪೂಜೆ ಮಾಡುತ್ತೇವೆ. ಅದನ್ನು ಕಾಯುವವನಿಗೆ ಮಾತ್ರ ನಗುತ್ತೇವೆ. ಇದು ಯಾವ ನ್ಯಾಯ?

ಇದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.

– 9ನೇ ವರ್ಗದ ಒಬ್ಬ ವಿದ್ಯಾರ್ಥಿನಿ