ಅಗ್ಗದ ಮಾತ್ರೆ ಸಾಲದು, ಸಾಚಾ ಲೆಕ್ಕ ಬೇಕು



ಔಷಧ ಕಂಪನಿಯ ಗುಣಮಟ್ಟ ವಿಭಾಗದಲ್ಲಿರುವ ನನಗೆ ನಮ್ಮ ಕೂಟಗಳಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ: "ಇನ್ನು ಮದ್ದನ್ನೂ ಕಂಪ್ಯೂಟರೇ ಕಂಡುಹಿಡಿಯುತ್ತದಂತೆ, ಹೌದೇ?"

ಒಂದು ಮಟ್ಟಿಗೆ ಹೌದು. 2020ರ ಜನವರಿಯಲ್ಲಿ ಕೊರೋನಾ ವೈರಸ್ಸಿನ ಜೀನೋಮ್ ಪ್ರಕಟವಾದ ಕೆಲವೇ ದಿನಗಳಲ್ಲಿ, 13ನೇ ತಾರೀಖಿಗೆ, ಮಾಡರ್ನಾ ಲಸಿಕೆಯ ವಿನ್ಯಾಸ ಸಿದ್ಧವಾಗಿತ್ತು. ಆದರೆ ಅದು ಕೆಲಸ ಮಾಡುತ್ತದೆ ಎಂದು ತೋರಿಸಲು ಸುಮಾರು 30 ಸಾವಿರ ಜನರ ಮೇಲೆ ಪರೀಕ್ಷೆ ನಡೆಯಬೇಕಾಯಿತು. ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಾಗ ಡಿಸೆಂಬರ್ ಬಂದಿತ್ತು. ವಿನ್ಯಾಸಕ್ಕೆ ದಿನಗಳು, ಪುರಾವೆಗೆ ತಿಂಗಳುಗಳು! ಔಷಧ ಉದ್ಯಮದ ನಿಜವಾದ ಪೈಪೋಟಿ ಇರುವುದು ಈ ಪುರಾವೆಯಲ್ಲಿ ಎಂಬುದು ನನ್ನ ಅನಿಸಿಕೆ.

ಭಾರತದ ಕಂಪನಿಗಳು ಜಗತ್ತನ್ನು ಗೆದ್ದದ್ದು ಅಗ್ಗದ ಬೆಲೆಯಿಂದ. ಆದರೆ ಬೆಲೆಯೊಂದೇ ಕಾಪಾಡುವುದಿಲ್ಲ. 2013ರಲ್ಲಿ ರಾನ್‌ಬಾಕ್ಸಿಯ ಅಮೆರಿಕದ ಅಂಗಸಂಸ್ಥೆ ನಿಯಮ ಮೀರಿ ತಯಾರಿಸಿದ ಔಷಧ ಮಾರಿದ್ದನ್ನೂ ಸರ್ಕಾರಕ್ಕೆ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡಿತು. ಕಂಪನಿ ತೆತ್ತದ್ದು 50 ಕೋಟಿ ಡಾಲರ್. 2015ರಲ್ಲಿ ಅದು ಸನ್ ಫಾರ್ಮಾದೊಳಗೆ ಸೇರಿಹೋಯಿತು.

ಇಲ್ಲಿ ಕಂಪ್ಯೂಟರಿನ ಬೆಲೆ ತಿಳಿಯುತ್ತದೆ. ಪ್ರಯೋಗಾಲಯದ ಯಂತ್ರಕ್ಕೆ ಸರಿಯಾದ ಸಾಫ್ಟ್‌ವೇರ್ ಜೋಡಿಸಿದರೆ ಯಾರು, ಯಾವಾಗ, ಯಾವ ಅಂಕಿಯನ್ನು, ಏಕೆ ಬದಲಿಸಿದರು ಎಂಬುದೆಲ್ಲ ದಾಖಲಾಗುತ್ತದೆ. ಕಾಗದದ ಪುಸ್ತಕದಂತೆ ಹಾಳೆ ಹರಿದು ಹೊಸದು ಅಂಟಿಸಲಾಗದು. ಹಾಗೆಂದು ಯಂತ್ರವೇ ಹರಿಶ್ಚಂದ್ರನಲ್ಲ. ಒಂದೇ ಪಾಸ್‌ವರ್ಡನ್ನು ಹತ್ತು ಜನ ಬಳಸಿದರೆ ಆ ದಾಖಲೆಗೆ ಮೂರು ಕಾಸಿನ ಬೆಲೆಯಿಲ್ಲ.

ಲೆಕ್ಕ ಗಟ್ಟಿಯಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಬೆಂಗಳೂರಿನ ಬಯೋಕಾನ್ ಪಾಲುದಾರ ಕಂಪನಿಯೊಂದಿಗೆ ಬೆಳೆಸಿದ ಸೆಮ್‌ಗ್ಲೀ ಇನ್ಸುಲಿನ್ 2021ರಲ್ಲಿ ಎಫ್‌ಡಿಎ ಮನ್ನಣೆ ಪಡೆಯಿತು. ರಾಜ್ಯದ ಕಾನೂನು ಒಪ್ಪಿದರೆ, ವೈದ್ಯರನ್ನು ಮತ್ತೆ ಕೇಳದೆಯೇ ಲ್ಯಾಂಟಸ್ ಬದಲು ಕೊಡಬಹುದಾದ ಮೊದಲ ಇನ್ಸುಲಿನ್ ಅದು. ಆ ಮನ್ನಣೆ ತಂದದ್ದು ಅಗ್ಗದ ಬೆಲೆಯಲ್ಲ, ಎರಡೂ ಸಮವೆಂದು ತೋರಿಸಿದ ಅಂಕಿ-ಅಂಶ.

ನನ್ನ ವಾದ ಇಷ್ಟೆ. ಎಫ್‌ಡಿಎ ಬರುತ್ತದೆಂದು ರಫ್ತಿನ ಮದ್ದಿಗೊಂದು ಲೆಕ್ಕ, ಊರಿನ ಮದ್ದಿಗೊಂದು ಲೆಕ್ಕ ಇರಬಾರದು. ಊರಿನಲ್ಲಿ ನಮ್ಮ ಅಪ್ಪ-ಅಮ್ಮ ನುಂಗುವ ಬಿ.ಪಿ. ಮಾತ್ರೆಯ ಹಿಂದೆಯೂ ಅದೇ ಅಳಿಸಲಾಗದ ದಾಖಲೆ ಇರಬೇಕು. ನಮ್ಮಲ್ಲಿ ಸಾಫ್ಟ್‌ವೇರ್ ಬಲ್ಲವರಿಗೇನು ಬರವೇ? ಹೊಸ ಮದ್ದು ಹುಡುಕುವ ಕೃತಕ ಬುದ್ಧಿಮತ್ತೆಯತ್ತ ಎಲ್ಲರೂ ಓಡುವಾಗ, ಈ ಸಪ್ಪೆ ಎನಿಸುವ ಕೆಲಸಕ್ಕೂ ನಮ್ಮ ಹುಡುಗ-ಹುಡುಗಿಯರು ಬರಲಿ.